ದಾನಕ್ಕೆ ಬಂದ ಮೂವತ್ತೆಂಟು ಎಕರೆ

ಮಾರ್ಚ್ 3, ಸೋಮವಾರ

ಜನನ ಪ್ರಮಾಣಪತ್ರ ಹದಿನಾರು, ಮರಣ ನಾಲ್ಕು. ನಲ್ಲಿ ಅರ್ಜಿ ಎರಡು — ಎರಡರಲ್ಲೂ ಸಹಿ ಇಲ್ಲ, ವಾಪಸ್. ಪ್ರಿಂಟರ್ ಮತ್ತೆ ಮುನಿಸಿಕೊಂಡಿದೆ. ಬೆನ್ನು ತಟ್ಟಿದರೆ ಒಂದು ಹಾಳೆ ಉಗುಳುತ್ತದೆ, ಇಲ್ಲದಿದ್ದರೆ ಅದೂ ಇಲ್ಲ.

ಹನ್ನೊಂದಕ್ಕೆ ಬಣ್ಣದ ಕಾರ್ಖಾನೆಯ ಪಿ.ಆರ್. ಸಾಹೇಬರು ಬಂದರು. ಬೆನ್ನ ಹಿಂದೆ ಎಲ್ಲರ ಬಾಯಲ್ಲೂ ನಗೆಸಾಹೇಬ. ಬೈದರೂ ನಗುವ ಮುಖ. ಈ ಸಲ ಕೈಯಲ್ಲಿ ನಕ್ಷೆ. ಕಾರ್ಖಾನೆಯ ಹಿಂದಿನ ಬಯಲು, ಮೂವತ್ತೆಂಟು ಎಕರೆ, ಪುರಸಭೆಗೆ ದಾನವಂತೆ! ಪಾರ್ಕು, ವಾಕಿಂಗ್ ದಾರಿ, ಮಕ್ಕಳಿಗೆ ಉಯ್ಯಾಲೆ... ಅಧ್ಯಕ್ಷರು ಕುರ್ಚಿಯಿಂದ ಎದ್ದೇ ಬಿಟ್ಟರು. ಆಸ್ಪತ್ರೆಯ ಹೊಸ ವಾರ್ಡು ಕಾರ್ಖಾನೆಯದು, ಶಾಲೆಯ ಬೆಂಚು ಕಾರ್ಖಾನೆಯದು, ಬಸ್ ಸ್ಟ್ಯಾಂಡಿನ ಗಡಿಯಾರವೂ ಅವರದೇ. ಈಗ ಇದು.

ಕಡತ ತಯಾರಿಸುವ ಕೆಲಸ ನನಗೆ. ಇನ್ಯಾರಿಗೆ ಬರಬೇಕು!

ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದೆ. ಇಪ್ಪತ್ತೆಂಟು ವರ್ಷ ಆ ಕಾರ್ಖಾನೆಯ ಲಾರಿ ಓಡಿಸಿದವನು, ಜೂನ್‌ನಲ್ಲಿ ರಿಟೈರಾಗುವವನು — ಖುಷಿಪಡುತ್ತಾನೆ ಅಂದುಕೊಂಡಿದ್ದೆ.

"ಯಾವ ಬಯಲು?"

"ಹಿಂದಿಂದು ಕಣೋ. ತಂತಿ ಬೇಲಿ ಹಾಕಿದಾರಲ್ಲ, ಅದು."

ಕೈಯಲ್ಲಿದ್ದ ತುತ್ತು ತಟ್ಟೆಗೆ ಇಟ್ಟ. ಎದ್ದು ಹೋಗಿ ಕೈ ತೊಳೆದ. ಅತ್ತಿಗೆ ನನ್ನ ಮೇಲೆ ರೇಗಿದರು. "ಊಟದ ಹೊತ್ತಿಗೇ ನಿನ್ನ ಆಫೀಸಿನ ಪುರಾಣ ಬಿಚ್ಚಬೇಕಾ?"

ಮಾರ್ಚ್ 5, ಬುಧವಾರ

ದಾನಪತ್ರದ ಕರಡು ಬಂತು. ಕಂಪನಿ ವಕೀಲರದು, ಒಂಬತ್ತು ಪುಟ. ಎರಡು ಸಲ ಓದಿದೆ. ಹದಿನಾಲ್ಕನೆಯ ಷರತ್ತು ಮೂರನೆಯ ಸಲವೂ ಓದಿದೆ. ನೋಂದಣಿಯಾದ ಕ್ಷಣದಿಂದ ಭೂಮಿಯ ಮೇಲಿರುವ, ಭೂಮಿಯ ಒಳಗಿರುವ, ತಿಳಿದಿರುವ, ತಿಳಿಯದಿರುವ ಸಮಸ್ತವೂ ಪುರಸಭೆಯದು. ಅದರಿಂದ ಯಾರಿಗೆ ಏನಾದರೂ ದಾನಿಗೆ ಸಂಬಂಧವಿಲ್ಲ.

ಫೋನ್ ಮಾಡಿ ಕೇಳಿದೆ. ನಗೆಸಾಹೇಬರ ನಗು ಫೋನಿನಲ್ಲೂ ಕಾಣುತ್ತದೆ. "ಅಯ್ಯೋ, ಅದು ಎಲ್ಲಾ ಪತ್ರದಲ್ಲೂ ಇರತ್ತೆ ಮೇಡಂ. ಬರೀ ಫಾರ್ಮಾಲಿಟಿ. ನೆಲದಲ್ಲಿ ನಿಧಿ ಸಿಕ್ರೆ ನಿಮಗೇ ಇರಲಿ ಅಂತ."

ನಾನೂ ನಕ್ಕೆ. ಆಮೇಲೆ ಯಾಕೆ ನಕ್ಕೆ ಅನ್ನಿಸಿತು.

ಮಾರ್ಚ್ 8, ಶನಿವಾರ

ಸರ್ವೇಯರ್ ಜೊತೆ ಜಾಗ ನೋಡಲು ಹೋದೆ. ಒಂದು ಕಾಲದಲ್ಲಿ ಹಳ್ಳಕೊಳ್ಳ ಇದ್ದ ಬಯಲು. ಈಗ ಹಾಸಿಗೆ ಹಾಸಿದ ಹಾಗೆ ಸಮ. ಮೇಲೆ ಹೊಸ ಕೆಂಪು ಮಣ್ಣು, ಅದರ ಮೇಲೆ ಚಾಪೆಯಂತೆ ಸುತ್ತಿ ತಂದು ಹರಡಿದ ಹುಲ್ಲು. ಕಣ್ಣಿಗೆ ತಂಪು. ಆದರೆ ಒಂದು ಹಕ್ಕಿ ಇಲ್ಲ. ಒಂದು ನಾಯಿಯೂ.

ಸರ್ವೇಯರ್ ಮೂಲೆ ಗುರುತಿಸಲು ಕಬ್ಬಿಣದ ಸಲಾಕೆ ಊರಿದರು. ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯಿತು. ಎರಡಡಿಗೆ — ಠಣ್. ಕಲ್ಲಿನ ಸದ್ದಲ್ಲ. ಪೊಳ್ಳು ಸದ್ದು. ನಾಲ್ಕು ಹೆಜ್ಜೆ ಆಚೆ ಊರಿದರು. ಮತ್ತೆ ಠಣ್.

ಸಲಾಕೆ ಎಳೆದು ತುದಿ ಮೂಸಿ ನೋಡಿದರು. ಮುಖ ಹಿಂದಕ್ಕೆ ಹೋಯಿತು. ಕರ್ಚೀಫಿನಲ್ಲಿ ಒರೆಸಿ, ಕರ್ಚೀಫನ್ನು ಅಲ್ಲೇ ಬೇಲಿಯಾಚೆ ಎಸೆದರು.

"ಮೇಡಂ, ನನಗೆ ಇಬ್ಬರು ಹೆಣ್ಮಕ್ಕಳು. ನಾನೇನೂ ನೋಡಿಲ್ಲ. ನೀವೇನೂ ಕೇಳಿಸ್ಕೊಂಡಿಲ್ಲ."

ವರದಿಯಲ್ಲಿ ಬರೆದದ್ದು: ಸಮತಟ್ಟು ಭೂಮಿ, ಯಾವುದೇ ಅಡಚಣೆ ಇಲ್ಲ.

ಮಾರ್ಚ್ 14, ಶುಕ್ರವಾರ

ಐದು ದಿನ ಏನೂ ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅನ್ನುವ ಪುಕ್ಕಲುತನ.

ಇವತ್ತು ಅಣ್ಣನೇ ಬಾಯಿ ಬಿಟ್ಟ. ಮಧ್ಯಾಹ್ನ ರಜೆ ಹಾಕಿ ಬಂದಿದ್ದ. ಅತ್ತಿಗೆ ಅವರ ತಂಗಿಯ ಮನೆಗೆ ಹೋಗಿದ್ದರು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ನನ್ನ ಕಡೆ ನೋಡದೆ ಹೇಳಿದ.

"ಡ್ರಮ್ಮು ಪುಟ್ಟೀ. ಎಲ್ಲಾ ಡ್ರಮ್ಮು. ಎಂಟು ವರ್ಷ ನಾನೇ ಹೊಡೆದೆ. ವಾರಕ್ಕೆ ಮೂರು ಟ್ರಿಪ್ಪು. ಹಳ್ಳ ತುಂಬಿದ ಮೇಲೆ ಮಣ್ಣು ಮುಚ್ಚಿದ್ರು."

"ಏನಿತ್ತು ಅದರಲ್ಲಿ?"

"ಯಾರು ಹೇಳ್ತಾರೆ ನಮಗೆ? ಬಣ್ಣದ ಗಸಿ ಅಂದ್ರು. ಗಸಿ ಮುಟ್ಟಿದ ಕೈಗವಸು ಸಂಜೆಗೆ ಪುಡಿಪುಡಿ ಆಗ್ತಿತ್ತು. ನಮ್ಮ ಕ್ಲೀನರ್ ಒಬ್ಬ ಇದ್ದ, ಕೆಮ್ಮಿ ಕೆಮ್ಮಿ ಹೋದ. ಅವನ ಹೆಂಡತಿಗೆ ಕ್ಯಾಂಟೀನಿನಲ್ಲಿ ಕೆಲಸ ಕೊಟ್ರು. ಎಲ್ಲರೂ ಒಳ್ಳೇ ಕಂಪನಿ ಅಂದ್ವಿ. ನಾನೂ ಅಂದೆ."

ಬೆರಳುಗಳನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದ. ಆ ಉಗುರುಗಳು ಹಳದಿ. ಹೊಗೆಸೊಪ್ಪಿನ ಕಲೆ ಅಂದುಕೊಂಡಿದ್ದೆ ಇಷ್ಟು ವರ್ಷ. ಅಣ್ಣ ಹೊಗೆಸೊಪ್ಪು ಮುಟ್ಟಿದವನೇ ಅಲ್ಲವಲ್ಲ!

ಮಾರ್ಚ್ 17, ಸೋಮವಾರ

ಕಡತದಲ್ಲಿ ಟಿಪ್ಪಣಿ ಹಾಕಿದೆ. ಒಂದೇ ಪುಟ. ದಾನ ಸ್ವೀಕರಿಸುವ ಮುನ್ನ ಮಣ್ಣು ಮತ್ತು ಅಂತರ್ಜಲ ಪರೀಕ್ಷೆ ಮಾಡಿಸುವುದು ಸೂಕ್ತ. ಹದಿನಾಲ್ಕನೆಯ ಷರತ್ತು ತೆಗೆಸುವುದು ಅಗತ್ಯ. ಸಹಿ, ದಿನಾಂಕ. ಪುಟಸಂಖ್ಯೆ ಇಪ್ಪತ್ತಮೂರು.

 

ಮಾರ್ಚ್ 18, ಮಂಗಳವಾರ

ಮುಖ್ಯಾಧಿಕಾರಿಗಳಿಂದ ಕಡತ ವಾಪಸ್ ಬಂತು. ಇಪ್ಪತ್ತಮೂರನೆಯ ಪುಟ ಇದೆ. ಆದರೆ ಅದು ಹಿಂದಿನ ಪುಟಗಳಿಂದ ತಂದಿಟ್ಟ ಸರ್ವೇಯರ್ ವರದಿ. ನನ್ನ ಹಾಳೆ ಇಲ್ಲ. ನಡುವಿನ ಸಂಖ್ಯೆಗಳನ್ನೆಲ್ಲ ಅಳಿಸಿ ತಿದ್ದಿದ್ದಾರೆ, ನನ್ನದೇ ಅಕ್ಷರ ಅನ್ನಿಸುವ ಹಾಗೆ.

ಯಾರೂ ನನ್ನನ್ನು ಕರೆಯಲಿಲ್ಲ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರ್ಚ್ 20, ಗುರುವಾರ

ಮನೆಗೆ ಬಂದರೆ ಹಜಾರದಲ್ಲಿ ನಗೆಸಾಹೇಬ! ಅತ್ತಿಗೆ ಕಾಫಿ ಕೊಟ್ಟು, ಒಳ್ಳೆಯ ಕುರ್ಚಿ ಹಾಕಿ ಕೂರಿಸಿದ್ದಾರೆ. ಮೇಜಿನ ಮೇಲೆ ಹಣ್ಣಿನ ಬುಟ್ಟಿ. ಅಣ್ಣ ಗೋಡೆಗೆ ಒರಗಿ ನಿಂತಿದ್ದ, ತನ್ನ ಮನೆಯಲ್ಲಿ ತಾನೇ ನೆಂಟನ ಹಾಗೆ.

"ಬನ್ನಿ ಮೇಡಂ, ನಿಮ್ಮ ವಿಷಯವೇ ಮಾತಾಡ್ತಿದ್ವಿ. ನಿಮ್ಮಣ್ಣ ನಮ್ಮ ಮನೆಯವರಿದ್ದ ಹಾಗೆ. ಬೀಪಿ ಮಾತ್ರೆ ಬೆಳಿಗ್ಗೆ ತಪ್ಪಿಸ್ತಾರಂತೆ, ಸ್ವಲ್ಪ ನೋಡ್ಕೊಳ್ಳಿ."

ಬೀಪಿ ಮಾತ್ರೆಯ ವಿಷಯ ನಮ್ಮ ಮನೆಯ ಮೂವರನ್ನು ಬಿಟ್ಟರೆ ಕಾರ್ಖಾನೆಯ ಡಾಕ್ಟರಿಗೆ ಮಾತ್ರ ಗೊತ್ತು.

ರಿಟೈರಾದ ಮೇಲೆ ಅಣ್ಣನಿಗೆ ಹೊಸ ಪಾರ್ಕಿನ ಮೇಲ್ವಿಚಾರಕನ ಕೆಲಸವಂತೆ. ಒಳಗೇ ಒಂದು ಪುಟ್ಟ ಮನೆ. ಅತ್ತಿಗೆಯ ಮುಖ ಅರಳಿತು. ನಾನು ಅಣ್ಣನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ.

ಅವರು ಹೋದ ಮೇಲೆ ಅತ್ತಿಗೆಗೆ ಎಲ್ಲ ಹೇಳಿದೆ. 

"ಈ ಮನೆ ಯಾರಿಂದ ಬಂತು? ನಿನ್ನ ಓದು ಯಾರಿಂದ ಆಯ್ತು? ಅದೂ ಹೇಳು," ಅಂದರು.  ಹಣ್ಣನ್ನು ಮಾತ್ರ ಅವರು ಮುಟ್ಟಲಿಲ್ಲ. ಬುಟ್ಟಿ ಹಾಗೇ ಇದೆ.

ಮಾರ್ಚ್ 22, ಶನಿವಾರ

ಹಾಲಿನವನ ಗೋಳು. ಕಾರ್ಖಾನೆಯ ಆಫೀಸರ್ ಕ್ವಾರ್ಟರ್ಸಿಗೆ ಅರವತ್ತು ಲೀಟರ್ ಹೋಗುತ್ತಿತ್ತು. ಈಗ ಒಂಬತ್ತು. "ಮನೆ ಮನೆ ಬೀಗ ಅಕ್ಕಾ. ಫ್ರಿಜ್ಜು ಸೋಫಾ ಎಲ್ಲಾ ಲೋಡಾಗಿ ಹೋಗ್ತಿದೆ. ಟ್ರಾನ್ಸ್‌ಫರ್ ಅಂತಾರೆ. ಎಲ್ಲರಿಗೂ ಒಟ್ಟಿಗೇ ಟ್ರಾನ್ಸ್‌ಫರ್ರಾ?"

ಅಣ್ಣನನ್ನು ಕೇಳಿದೆ. ಎರಡನೇ ಶೆಡ್ಡಿನ ಯಂತ್ರ ಬಿಚ್ಚುತ್ತಿದ್ದಾರೆ, ರಿಪೇರಿಗೆ ಅಂತ ಹೇಳಿದ್ದಾರೆ ಅಂದ.

ಅಂದರೆ ಹೊರಟಿದ್ದಾರೆ. ಯಂತ್ರ ಹೊರಟಿದೆ, ಸೋಫಾ ಹೊರಟಿದೆ. ಹೊತ್ತುಕೊಂಡು ಹೋಗಲಾಗದ್ದು ಒಂದೇ. ಅದನ್ನು ನಮಗೆ ಕೊಡುತ್ತಿದ್ದಾರೆ.

ಮಾರ್ಚ್ 24, ಸೋಮವಾರ

ಅಧ್ಯಕ್ಷರ ಹತ್ತಿರ ನೇರ ಹೋದೆ. ಕೆಟ್ಟ ಮನುಷ್ಯರಲ್ಲ. ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು, ಈಗಲೂ ಯಾರದಾದರೂ ಚೈನ್ ಬಿದ್ದರೆ ರಸ್ತೆಯಲ್ಲೇ ಕೂರುತ್ತಾರೆ. ಪೂರ್ತಿ ಕೇಳಿದರು. ಬಾಗಿಲು ಮುಚ್ಚಿ ಬಂದು ಕೂತರು.

"ಗೊತ್ತಮ್ಮಾ."

"ಗೊತ್ತಾ?"

"ಪೂರ್ತಿ ಅಲ್ಲ. ವಾಸನೆ ಹೊಡೆದಿತ್ತು. ಈಗ ಬೇಡ ಅಂದ್ರೆ ನಾಳೆನೇ ಗೇಟು ಮುಚ್ತಾರೆ. ಎಂಟುನೂರು ಜನ ನನ್ನ ಮನೆ ಮುಂದೆ ಬಂದು ನಿಲ್ತಾರೆ. ಅವರಿಗೆ ನಿನ್ನ ಟಿಪ್ಪಣಿ ತೋರಿಸ್ಲಾ?"

"ಕಂಪನಿಯವರು ಹೇಗೂ ಹೋಗ್ತಾರೆ ಸರ್."

"ಹೋಗೋವರೆಗೂ ಇರ್ತಾರಲ್ಲ," ಅಂದರು. ಆ ಮಾತು ಅವರಿಗೇ ಕಹಿಯಾದ ಹಾಗೆ ಕಂಡಿತು. ಶುಕ್ರವಾರ ಸಭೆ.

ಮಾರ್ಚ್ 28, ಶುಕ್ರವಾರ

ನಿಧಾನವಾಗಿ ಬರೆಯಬೇಕು. ಒಂದೂ ಬಿಡಬಾರದು.

ಬೆಳಿಗ್ಗೆ ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ. ಇಸ್ತ್ರಿ ಮಾಡಿದ್ದು ಅತ್ತಿಗೆ. ಗುಂಡಿ ಸರಿಮಾಡಿ ಕಳಿಸಿದರು.

ಸಭೆಯಲ್ಲಿ ದಾನದ ವಿಷಯ ಬಂದಾಗ ಸಾರ್ವಜನಿಕರ ಬೆಂಚಿನಿಂದ ಎದ್ದು ನಿಂತ. ಭಾಷಣ ಗೊತ್ತಿಲ್ಲದವನು. "ಆ ಬಯಲಲ್ಲಿ ಡ್ರಮ್ಮುಗಳಿವೆ. ನಾನೇ ಹಾಕಿದ್ದು. ನಾನೇ ಲಾರಿ ಓಡಿಸಿದ್ದು. ಮಕ್ಕಳನ್ನ ಅಲ್ಲಿ ಆಡೋಕೆ ಬಿಡಬೇಡಿ." ಅಷ್ಟೇ. ಕೂತ.

 ಈಗ ಯಾರಾದರೂ ಏಳುತ್ತಾರೆ ಅಂದುಕೊಂಡೆ. ಎದ್ದವರು ನಗೆಸಾಹೇಬರು. ಇವತ್ತು ನಗು ಇರಲಿಲ್ಲ, ದುಃಖ ಇತ್ತು. ಅದು ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು ಆ ಮುಖಕ್ಕೆ.

"ದಯವಿಟ್ಟು ಇವರ ಮಾತು ನಡಾವಳಿಯಲ್ಲಿ ಬರೀರಿ. ಕಂಪನಿಗೆ ಇದು ಇವತ್ತೇ ಗೊತ್ತಾಗ್ತಿರೋದು. ನಮ್ಮ ನೌಕರರೇ ನಮ್ಮ ಬೆನ್ನಿಗೆ ಚೂರಿ ಹಾಕಿದ್ದಾರೆ ಅಂದ್ರೆ..."

ನಡಾವಳಿ ಬರೆಯುವವಳು ನಾನು. ಬರೆದೆ. "ನಾನೇ ಹಾಕಿದ್ದು" ಅಂತ ಅಣ್ಣನ ಮಾತನ್ನು ನನ್ನ ಕೈಯಿಂದಲೇ ಬರೆದೆ.

ಪರ ಹನ್ನೆರಡು, ವಿರೋಧ ಮೂರು. ದಾನ ಸ್ವೀಕಾರ.

ಸಂಜೆ ಐದಕ್ಕೆ ಅಣ್ಣನಿಗೆ ಸಸ್ಪೆನ್ಷನ್ ಪತ್ರ. ಆರಕ್ಕೆ ಠಾಣೆಯಿಂದ ಫೋನು. ಅನುಮತಿಯಿಲ್ಲದೆ ಕಂಪನಿಯ ಜಾಗದಲ್ಲಿ ವಿಷದ ತ್ಯಾಜ್ಯ ಸುರಿದ ಅಂತ ದೂರು. ಓಣಿಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಎದುರುಮನೆಯವರು ಕಿಟಕಿ ಹಾಕಿಕೊಂಡರು.

ಏಪ್ರಿಲ್ 1, ಮಂಗಳವಾರ

ಕಚೇರಿ ಮೆಟ್ಟಿಲ ಮೇಲೆ ನಗೆಸಾಹೇಬ. ನಾಳೆ ನೋಂದಣಿ. ದಾನಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು. ಒಂದು ಸಹಿ ನನ್ನದಿರಲಿ ಅಂತ.

"ತಕರಾರು ಎತ್ತಿದವರೇ ಸಾಕ್ಷಿ ಹಾಕಿದ್ರೆ ಊರಿಗೂ ಸಮಾಧಾನ ಮೇಡಂ. ನಿಮ್ಮಣ್ಣನ ಮೇಲಿನ ದೂರು ನಾಳೆ ಮಧ್ಯಾಹ್ನವೇ ವಾಪಸ್. ವಯಸ್ಸಾಯ್ತು, ಬೀಪಿ ಬೇರೆ. ಲಾಕಪ್ಪು ಗೀಕಪ್ಪು ಯಾಕೆ ಅವರಿಗೆ?"

ಆಗಲಿ ಅಂದೆ.

ಅಣ್ಣನಿಗೆ ಹೇಳಿಲ್ಲ. ಅವನೂ ಏನನ್ನೋ ನನಗೆ ಹೇಳದೆ ಓಡಾಡುತ್ತಿದ್ದಾನೆ. ಹಿತ್ತಲಿನಲ್ಲಿ ಗುದ್ದಲಿಗೆ ಹೊಸ ಕಾವು ಹಾಕುತ್ತಿದ್ದ. "ಗಿಡಕ್ಕೆ ಪಾತಿ ಮಾಡ್ತೀನಿ," ಅಂದ. ಒಳ್ಳೆಯದು, ಮನಸ್ಸು ಬೇರೆ ಕಡೆ ತಿರುಗಲಿ ಅಂತ ಸುಮ್ಮನಾದೆ.

ಏಪ್ರಿಲ್ 2, ಬುಧವಾರ, ಬೆಳಿಗ್ಗೆ 11.25

ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚು. ಆಯಿತು. ಸಹಿ ಹಾಕಿದೆ, ಹೆಬ್ಬೆಟ್ಟು ಒತ್ತಿದೆ. ಠಪ್ ಅಂತ ಮೊಹರು. ವೇಳೆ 11.10 ಅಂತ ಅಚ್ಚಾಗಿದೆ. ಬೆರಳಿನ ಮಸಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಅಣ್ಣ ಉಳಿದ. ಅಷ್ಟು ಸಾಕು. ಇವತ್ತು ಅದಕ್ಕಿಂತ ಹೆಚ್ಚು ಯೋಚಿಸುವುದಿಲ್ಲ.

ಅತ್ತಿಗೆಯ ಫೋನು ಬರುತ್ತಿದೆ —

ಏಪ್ರಿಲ್ 2, ಮಧ್ಯಾಹ್ನ 3.40

ಆಸ್ಪತ್ರೆ. ಕಾರ್ಖಾನೆ ಕಟ್ಟಿಸಿದ ವಾರ್ಡು. ಗೋಡೆಯ ಮೇಲೆ ಅವರ ಹೆಸರಿನ ಕಲ್ಲು, ಅದರ ಕೆಳಗೇ ಕೂತಿದ್ದೇನೆ.

ಅಣ್ಣ ಬಯಲಿಗೆ ಹೋಗಿದ್ದ. ಬೇಲಿ ಕತ್ತರಿಸಿ, ಹುಲ್ಲು ಸರಿಸಿ, ಹಾಡಹಗಲಲ್ಲಿ ಅಗೆದ. ಒಂದು ಡ್ರಮ್ಮು ಹೊರಗೆ ತೆಗೆದು ಪುರಸಭೆಯ ಬಾಗಿಲಿಗೆ ತಂದಿಡಬೇಕು, ಆಗ ನೋಂದಣಿ ನಿಲ್ಲುತ್ತದೆ, ತಂಗಿ ಬರೆದ ಟಿಪ್ಪಣಿ ಸುಳ್ಳಲ್ಲ ಅಂತ ಎಲ್ಲರೂ ನೋಡುತ್ತಾರೆ — ಅತ್ತಿಗೆಗೆ ಅಷ್ಟು ಹೇಳಿ ಹೋಗಿದ್ದನಂತೆ. ತುಕ್ಕು ಹಿಡಿದ ಡ್ರಮ್ಮು ಎತ್ತುವಾಗ ಒಡೆಯಿತು. ಎದೆ, ಕುತ್ತಿಗೆ, ಎರಡೂ ಕಣ್ಣು. ಹನ್ನೊಂದೂಕಾಲರ ಸುಮಾರಿಗೆ ಅಂತೆ. ದೂರದಿಂದ ಓಡಿ ಬಂದವರನ್ನು ಹತ್ತಿರ ಬರಬೇಡಿ ಅಂತ ಕೈ ಬೀಸುತ್ತಲೇ ಇದ್ದನಂತೆ.

ನಾನು ಅವನಿಗೋಸ್ಕರ ಸಹಿ ಹಾಕುತ್ತಿದ್ದೆ. ಅವನು ನನಗೋಸ್ಕರ ಅಗೆಯುತ್ತಿದ್ದ.

ಡಾಕ್ಟರು ಮೂರು ಸಲ ಹೊರಗೆ ಬಂದರು. "ಏನು ಕೆಮಿಕಲ್ ಅದು? ಹೆಸರು ಹೇಳಿ. ಹೆಸರು ಗೊತ್ತಿಲ್ಲದೆ ಯಾವ ಔಷಧಿ ಅಂತ ಕೊಡಲಿ? ನೀರು ಹಾಕಿದ್ರೆ ಇನ್ನೂ ಕುದೀತಿದೆ." ಡ್ರಮ್ಮಿನ ಮೇಲಿನ ಬರಹ ತುಕ್ಕಿನಲ್ಲಿ ಹೋಗಿದೆ. ಕಾರ್ಖಾನೆಯ ನಂಬರು ಬಾರಿಸುತ್ತದೆ, ಎತ್ತುವವರಿಲ್ಲ. ಗೇಟಿಗೆ ಬೀಗ ಬಿದ್ದಿದೆ ಅಂತ ಹಾಲಿನವನು ಬಂದು ಹೇಳಿದ.

ನಗೆಸಾಹೇಬರು ಒಮ್ಮೆ ಎತ್ತಿದರು. ರೈಲಿನ ಸದ್ದು ಕೇಳುತ್ತಿತ್ತು.

"ಹೆಸರು ಹೇಳಿ ಸರ್. ಒಂದೇ ಒಂದು ಹೆಸರು. ಕಾಲಿಗೆ ಬೀಳ್ತೀನಿ."

"ತುಂಬಾ ಬೇಜಾರಾಯ್ತು ಮೇಡಂ. ಆದ್ರೆ ಹನ್ನೊಂದು ಹತ್ತರಿಂದ ಅದು ನಿಮ್ಮ ಜಾಗ. ಅಲ್ಲೇನಿದೆ ಅಂತ ನಮ್ಮನ್ನ ಕೇಳಿದ್ರೆ ಹೇಗೆ?"

ಆಮೇಲೆ ಸ್ವಿಚ್ ಆಫ್.

4.15

ಅಣ್ಣನಿಗೆ ಎಚ್ಚರ ಇದೆ. ನರ್ಸಮ್ಮ ಒಳಗೆ ಕರೆದರು. ಕಣ್ಣಿಗೆ ಬಟ್ಟೆ. ಧ್ವನಿ ಇಲ್ಲ, ಉಸಿರು ಮಾತ್ರ. ಲೋಡು ಮಾಡುವಾಗ ದಿನಾ ನೋಡುತ್ತಿದ್ದ ಅಕ್ಷರಗಳು ನೆನಪಿವೆ ಅಂತಿದ್ದಾನೆ. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆಕಾರ ಮಾತ್ರ ಗೊತ್ತು. ನನ್ನ ಅಂಗೈ ಹಿಡಿದುಕೊಂಡು ಬೆರಳಿನಿಂದ ಬರೆಯುತ್ತಿದ್ದಾನೆ. ಬೇರೆ ಕಾಗದ ಇಲ್ಲ, ಇದರಲ್ಲೇ ಇಳಿಸುತ್ತೇನೆ. ಮೊದಲು ಒಂದು ನೆಟ್ಟಗಿನ ಗೆರೆ. ಅದರ ಪಕ್ಕ ಅರ್ಧ ಸುತ್ತು. ಆಮೇಲೆ —