ಗಂಟೆಗೆ ಹತ್ತೇ ಮೈಲಿ

ಬ್ಲಫ್, 16-8-1941

ಕೊಪ್ಪದ ಚಿಕ್ಕಮ್ಮನಿಗೆ ಸಿದ್ದರಾಜು ಅಡ್ಡಬಿದ್ದು ತಿಳಿಸುವುದು.

ಕರೆಂಟು ತಯಾರಿಸುವ ಈ ಊರಲ್ಲಿ ಬೀದಿಗೂ ಕರೆಂಟು ದೀಪ. ಅದಕ್ಕಿಂತ ಸೋಜಿಗವೆಂದರೆ ಕಾಡುಕುದುರೆಗಳು. ಬಸ್ಸು ಬಂದ ಮೇಲೆ ಜಟಕಾದವರು ಬಿಟ್ಟುಹೋದ ಕುದುರೆಗಳು ಗುಡ್ಡದಲ್ಲಿ ಮರಿ ಹಾಕಿ ಹಿಂಡಾಗಿವೆ. ಎರಡು ಕುದುರೆ ಮೋಟಾರಿಗೆ ಸಿಕ್ಕಿ ಸತ್ತವು. ಕರೆಂಟು ಕಾರ್ಖಾನೆಯ ದೊಡ್ಡ ಸಾಹೇಬರು ಗಂಟೆಗೆ ಹತ್ತೇ ಮೈಲಿ ಎಂದು ಬೋರ್ಡು ಹಾಕಿಸಿ, ಕೆಂಪು ಬಾವುಟ ಕೊಟ್ಟು ನನ್ನನ್ನು ಕಾವಲಿಗೆ ನಿಲ್ಲಿಸಿದರು.

ಹೋದ ಸೋಮವಾರ ರಸ್ತೆ ನಡುವೆ ಒಂದು ಮರಿ ತಾಯಿಯ ಹಾಲು ಕುಡಿಯುತ್ತಿತ್ತು. ಅಷ್ಟರಲ್ಲಿ ಒಂದು ಮೋಟಾರು ನಲವತ್ತು ಮೈಲಿ ಜೋರಿನಲ್ಲಿ ಬಂತು. ನಾನು ಬಾವುಟ ಹಿಡಿದು ಅಡ್ಡ ನಿಂತೆ. ಮರಿ ಉಳಿಯಿತು, ಮೋಟಾರು ಚರಂಡಿಗೆ ಇಳಿಯಿತು. ಒಳಗಿದ್ದವರು ಸಾಹೇಬರೇ!

"ಯಾವನಯ್ಯ ಈ ಕಾನೂನು ಮಾಡಿದ್ದು?" ಎಂದು ಕೂಗಿದರು.

"ತಾವೇಯ ಸ್ವಾಮಿ. ಬೋರ್ಡ್ನಲ್ಲಿ ತಮ್ಮೆಸ್ರೇ ಅದೆ," ಎಂದೆ. ಕೆಲಸ ಹೋಯಿತೆಂದೇ ಅಂದುಕೊಂಡೆ.

ಕೆಲಸ ಹೋಗಲಿಲ್ಲ. ಮರುದಿನ ಬೋರ್ಡಿನ ಕೆಳಗೆ "ಅಧಿಕಾರಿಗಳಿಗೆ ಈ ನಿಯಮವಿಲ್ಲ" ಎಂದು ಬರೆಸಿದರು. ಆದರೆ ಮೋಟಾರು ಚರಂಡಿಗೆ ಇಳಿಸಿದ್ದಕ್ಕೆ ಬೈಗುಳವನ್ನೆಲ್ಲ ತಿಂದಿದ್ದ ಸಾಹೇಬರ ಡ್ರೈವರ್ ಬಾಬು ಜಾನ್ ಜಗ್ಗಲಿಲ್ಲ. "ರಿಯಾಯಿತಿ ತಮ್ಗೆ ಸ್ವಾಮಿ. ಗಾಡಿ ಓಡ್ಸೋನು ನಾನು, ಅಧಿಕಾರಿ ಅಲ್ವಲ್ಲ," ಎಂದುಬಿಟ್ಟ. ಸಾಹೇಬರಿಗೋ ಮೋಟಾರು ಓಡಿಸಲು ಬಾರದು.

ಆ ದಿನ ಪಕ್ಕಕ್ಕೆ ಹಾರಿ ಬಿದ್ದು ನನ್ನ ಮಂಡಿ ತರಚಿದೆ, ಹರಳೆಣ್ಣೆ ಹಚ್ಚಿದ್ದೇನೆ, ಗಾಬರಿಯಾಗಬೇಡ. ಗಾಳಿ ಜೋರು, ಕಂಬಳಿ ಕಳಿಸಿಕೊಡು. ಅಗೋ, ಹತ್ತು ಮೈಲಿಗೆ ಬೇಸತ್ತ ಸಾಹೇಬರು ಮೋಟಾರಿನಿಂದಿಳಿದು ನಡೆದೇ ಬರುತ್ತಿದ್ದಾರೆ. ಸಲಾಮು ಹೊಡೆಯಬೇಕು, ಕಾಗದ ಇಲ್ಲಿಗೇ ನಿಲ್ಲಿಸಿದೆ.

ಸಿದ್ದರಾಜು