ಒಂದು ಹುಳು, ಮೂರು ಹೆಸರು

ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಗುಂಡ,

ನಿನ್ನ ಮೂರು ಕಾಗದಕ್ಕೆ ನನ್ನದು ಒಂದೇ ಉತ್ತರ, ಅದೂ ತಡವಾಗಿ. ಬೈದುಕೋ, ತಪ್ಪಿಲ್ಲ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದ ಹಾಗೇ ಇದೆ, ಸಿಟ್ಟೂ ಇದ್ದ ಹಾಗೇ ಇದೆ. ನಿಮ್ಮ ಬಚ್ಚಲಿನ ನಲ್ಲಿ ಸೋರುವುದು ನಿಂತಿತೇ? ಸೊಸೆಯ ಕೆಮ್ಮು ವಾಸಿಯಾಯಿತೇ?

ನನ್ನ ಸುದ್ದಿ ಕೇಳು. ಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷ ನಾನು ಕಾದ ಕೀಟಗಳ ಕೋಣೆಯ ಬೀಗದ ಕೈ ಈಗ ನನ್ನ ಹತ್ತಿರ ಇಲ್ಲ. ಕಾರಣ ಒಂದು ಸಗಣಿ ಹುಳು. ನಗಬೇಡ.

ನಮ್ಮ ಪೆಟ್ಟಿಗೆಗಳಲ್ಲಿ ಮೂರು ಪ್ರಭೇದಗಳೆಂದು ಬೇರೆ ಬೇರೆ ಚೀಟಿ ಹಚ್ಚಿದ ಹುಳುಗಳಿದ್ದವು. ದೊಡ್ಡ ಕೊಂಬಿನದಕ್ಕೆ ನೂರು ವರ್ಷದ ಹಿಂದೆ ಯಾರೋ ಹೆಸರಿಟ್ಟಿದ್ದರು. ಕೊಂಬೇ ಇಲ್ಲದ್ದಕ್ಕೆ ನಮ್ಮ ನಿರ್ದೇಶಕರು ತಮ್ಮ ಹರೆಯದಲ್ಲಿ ಗುರುಗಳ ಹೆಸರಿಟ್ಟರು. ಮೊಂಡುಕೊಂಬಿನದಕ್ಕೂ ಒಂದು ಹೆಸರಿತ್ತು, ಅದರ ಮಾತು ಕೊನೆಗೆ ಆಡುತ್ತೇನೆ.

ಹೋದ ವರ್ಷ ಕೊಂಬಿಲ್ಲದ ಒಂದು ಹುಳುವನ್ನು ಜೀವಂತ ತಂದು, ಬಕೆಟ್ಟಿನಲ್ಲಿ ಮಣ್ಣು, ಸಗಣಿ ತುಂಬಿ ಕಿಟಕಿಯ ಪಕ್ಕ ಸಾಕಿದೆ. ಎಲ್ಲರೂ ಮೂಗು ಮುಚ್ಚಿಕೊಂಡು ಓಡಾಡಿದರು. ಅದು ಮೊಟ್ಟೆಯಿಟ್ಟಿತು. ತಿಂಗಳುಗಳು ಕಳೆದ ಮೇಲೆ ಹೊಸ ಹುಳುಗಳು ಮಣ್ಣು ಕೆದರಿ ಮೇಲೆ ಬಂದವು ನೋಡು: ಹೊಟ್ಟೆ ತುಂಬ ತಿಂದ ಗಂಡಿಗೆ ದೊಡ್ಡ ಕೊಂಬು, ಅರೆಹೊಟ್ಟೆಯಲ್ಲಿ ಬೆಳೆದ ಗಂಡಿಗೆ ಮೊಂಡುಕೊಂಬು, ಹೆಣ್ಣಿಗೆ ಕೊಂಬೇ ಇಲ್ಲ. ಮೂರೂ ಒಂದೇ ತಾಯಿಯ ಮಕ್ಕಳು! ಬುದ್ಧಿವಂತರಾದ ನಾವು ಒಂದು ಸಂಸಾರವನ್ನು ಒಡೆದು ಮೂರು ಮನೆ ಮಾಡಿದ್ದೆವು.

ನಮ್ಮ ಕಸುಬಿನ ಕಟ್ಟಳೆ ನಿನಗೆ ಗೊತ್ತು. ಒಂದು ಪ್ರಭೇದಕ್ಕೆ ಒಂದೇ ಹೆಸರು, ಮೊದಲು ಇಟ್ಟದ್ದೇ ಉಳಿಯಬೇಕು. ಇಟ್ಟವರು ಎಷ್ಟು ದೊಡ್ಡ ಮನುಷ್ಯರು ಎಂದು ಯಾರೂ ಕೇಳುವುದಿಲ್ಲ. ನಾನು ಹಾಗೇ ಲೇಖನ ಬರೆದೆ.

ನಿರ್ದೇಶಕರು ಕರೆಸಿದರು. “ಎರಡು ತಿಂಗಳಲ್ಲಿ ನಿವೃತ್ತಿ ಆಗೋರು ನೀವು. ಯಾಕಮ್ಮ ಸತ್ತ ಹುಳಾನ ಕೆದಕ್ತೀರಾ?”

“ಸತ್ತಿಲ್ಲ ಸಾರ್, ಬಕೆಟ್‌ನಲ್ಲಿ ಓಡಾಡ್ಕೊಂಡಿವೆ. ಬಂದು ನೋಡಿ.”

“ಲೇಖನ ಕಳಿಸೋದೇ ಆದ್ರೆ ಕೋಣೆ ಬೀಗದ ಕೈ ಇಲ್ಲಿಟ್ಟು ಹೋಗಿ.”

ಇಟ್ಟೆ. ಅವರ ಚಹಾ ಲೋಟದ ಪಕ್ಕದಲ್ಲೇ ಠಣ್ಣೆಂದು ಇಟ್ಟೆ. ನೆಟ್ಟಗೆ ಅಂಚೆ ಕಚೇರಿಗೆ ಹೋಗಿ ಲೇಖನವನ್ನು ರಿಜಿಸ್ಟರ್ ಮಾಡಿಸಿದೆ. ಬಕೆಟ್ಟೂ ನನ್ನ ಜೊತೆ ಆಟೋ ಹತ್ತಿ ಮನೆಗೆ ಬಂದಿದೆ. ಕೆಳಗಿನ ಮನೆಯಾಕೆ ಆಗಲೇ ಎರಡು ಸಲ ಜಗಳಕ್ಕೆ ಬಂದು ಹೋದಳು. ಬರಲಿ, ಯಾರು ಹೆದರುತ್ತಾರೆ?

ನೀವಿಬ್ಬರೂ ನಗುನಗುತ್ತಾ ಬಾಳಿ, ಮಗನೇ. ಸರಿಯೆಂದು ಕಂಡದ್ದನ್ನು ಹೇಳುವಾಗ ನಿಮ್ಮ ದನಿ ನಡುಗದಿರಲಿ.

ನಿನ್ನ
ಅಮ್ಮ

ತಾ.ಕ.: ಮೊಂಡುಕೊಂಬಿನ ಹುಳುವಿಗೆ ಹೆಸರಿಟ್ಟವರು ನಿನ್ನ ಅಪ್ಪ. ಇಟ್ಟದ್ದು ನಿನ್ನ ಅಕ್ಕನ ಹೆಸರು, ನೀನು ಹುಟ್ಟುವ ಮೊದಲು ಹನ್ನೊಂದು ದಿನ ಬದುಕಿದ್ದಳಲ್ಲ, ಅವಳದು. ಆ ಹೆಸರನ್ನು ನಾವು ಬೇರೆಲ್ಲೂ ಬರೆಸಲಿಲ್ಲ, ಮನೆಯಲ್ಲಿ ಬಾಯಿಬಿಟ್ಟು ಆಡಲೂ ಇಲ್ಲ. ನಿರ್ದೇಶಕರು ಕೊನೆಗೆ ದನಿ ತಗ್ಗಿಸಿ, “ನಾನಿಟ್ಟ ಹೆಸರು ಮುಟ್ಟಬೇಡಿ, ನಿಮ್ಮ ಮಗಳದೂ ಉಳಿಯತ್ತೆ” ಅಂದರು. ನಾನು ಬೀಗದ ಕೈ ಇಟ್ಟದ್ದು ಆಗ. ಮನೆಗೆ ಬಂದು ಬಹಳ ಅತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಗುಂಡ, ಬಿದ್ದುಹೋದ ಹೆಸರನ್ನು ನಮ್ಮ ಕಸುಬಿನವರು ಅಳಿಸುವುದಿಲ್ಲ. ಉಳಿದ ಹೆಸರಿನ ಕೆಳಗೆ, ಇಟ್ಟವರ ಹೆಸರು ಮತ್ತು ವರ್ಷದ ಜೊತೆ ಅದನ್ನೂ ಬರೆಯಲೇಬೇಕು. ಅದನ್ನು ತೆಗೆಯುವ ಅಧಿಕಾರ ಯಾವ ನಿರ್ದೇಶಕನಿಗೂ ಇಲ್ಲ. ಆ ಸಾಲನ್ನು ನಾನೇ ನನ್ನ ಕೈಯಾರೆ ಬರೆದೆ: ಅವಳ ಹೆಸರು, ಪಕ್ಕದಲ್ಲಿ ಅವಳಪ್ಪನ ಹೆಸರು, ಅವಳು ಬಂದುಹೋದ ವರ್ಷ.