ನಲವತ್ತು ವಾಟಿನ ನಿಷೇಧ

ಎರ್ನಾಕುಲಂ, ಆಗಸ್ಟ್ 1974

ನಗರದ ಬೀದಿಗಳ ಮತ್ತು ಬೀದಿದೀಪಗಳ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಾನು ನಿಮ್ಮಲ್ಲಿ ದೀಪ ಕೇಳಿದೆ. ನೀವು ದೀಪ ಕೊಡಲಿಲ್ಲ. ಬದಲಿಗೆ, ನಮ್ಮ ಓಣಿಯಲ್ಲಿ ಉರಿಯುತ್ತಿದ್ದ ಒಂದೇ ಒಂದು ದೀಪವನ್ನು, ಅದನ್ನು ಹಚ್ಚುತ್ತಿದ್ದ ಹೆಂಗಸಿನ ಸಮೇತ, ಎಬ್ಬಿಸಿ ಓಡಿಸಿದಿರಿ. ಅದೂ ನನ್ನ ಅರ್ಜಿಯ ಮೇರೆಗೆ, ನನ್ನ ಸಹಿಯ ಬಲದಿಂದ! ಈ ಪತ್ರವನ್ನು ಕನ್ನಡದಲ್ಲಿ, ನಮ್ಮೂರ ಪತ್ರಿಕೆಯ ಮೂಲಕ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ನಿಮಗೆ ಕನ್ನಡ ಬಾರದೆಂದು ಬಲ್ಲೆ. ಇಂಗ್ಲಿಷಿನಲ್ಲಿ ಬರೆದದ್ದನ್ನೂ ಮಲಯಾಳದಲ್ಲಿ ಬರೆದದ್ದನ್ನೂ ನೀವು ಓದಲಿಲ್ಲ. ಓದದೇ ಇರುವುದಕ್ಕೆ ಯಾವ ಭಾಷೆಯಾದರೇನು? ಕನ್ನಡದಲ್ಲಾದರೆ ನನ್ನ ಕಡೆಯಿಂದ ತಪ್ಪಾಗುವುದಿಲ್ಲ, ಅಷ್ಟೇ ಸಮಾಧಾನ.

ನಾನು ಕುಂದಾಪುರದ ಕಡೆಯವನು. ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ವರ್ಗವಾಗಿ ಬಂದು ಆರು ವರ್ಷವಾಯಿತು. ಬೋಟ್ ಜೆಟ್ಟಿಯಿಂದ ಹತ್ತು ನಿಮಿಷ ನಡೆದರೆ ನಮ್ಮ ಓಣಿ. ಓಣಿಗೆ ನಾಲ್ಕು ಕಂಬ, ನಾಲ್ಕಕ್ಕೂ ನೂರು ವಾಟಿನ ಹಳೆಯ ಬಲ್ಬು. ಮೂರು ಬಲ್ಬುಗಳು ಸತ್ತು ವರ್ಷ ದಾಟಿತು. ನಾಲ್ಕನೆಯದು ಬದುಕಿದೆ, ಆದರೆ ಅದು ಹಗಲು ಪಾಳಿಯ ನೌಕರ. ಬೆಳಿಗ್ಗೆ ನಾನು ಕಚೇರಿಗೆ ಹೊರಡುವಾಗ ಸೂರ್ಯನ ಎದುರು ಉರಿಯುತ್ತಿರುತ್ತದೆ, ಸಂಜೆ ಆರೂವರೆಗೆ ಸರಿಯಾಗಿ ಆರುತ್ತದೆ. ಅದೇ ಕಂಬಕ್ಕೆ ನಿಮ್ಮವರು ‘ವಿದ್ಯುತ್ ಉಳಿಸಿ’ ಎಂಬ ಪೋಸ್ಟರ್ ಅಂಟಿಸಿ ಹೋಗಿದ್ದಾರೆ. ಯಾರಿಗೆ ಸ್ವಾಮಿ ಈ ಉಪದೇಶ? ಕತ್ತಲಲ್ಲಿ ಗೋಡೆ ತಡಕಿಕೊಂಡು ಮನೆ ಸೇರುವ ನಮಗೋ?

ನನ್ನ ಹೆಂಡತಿ ಸುಮಿತ್ರ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಪಾಳಿ ಮುಗಿಸಿ ಏಳೂವರೆಗೆ ಓಣಿಗೆ ಕಾಲಿಡುತ್ತಾಳೆ. ಕಳೆದ ಜನವರಿಯಲ್ಲಿ ಒಂದು ದಿನ, ನೀವು ಚಪ್ಪಡಿ ತೆಗೆದು ಮುಚ್ಚಲು ಮರೆತ ಚರಂಡಿಗೆ ಬಿದ್ದಳು. ಎತ್ತಿದವರು ತ್ರೇಸ್ಯಾ ಚೇಡತ್ತಿ. ಚೇಡತ್ತಿ ಎಂದರೆ ನಮ್ಮಲ್ಲಿ ಅಕ್ಕ ಎಂದಂತೆ. ಅರವತ್ತು ದಾಟಿದ ವಿಧವೆ, ಓಣಿಯ ತಿರುವಿನಲ್ಲಿ ಬೇಯಿಸಿದ ಮರಗೆಣಸು, ಮೀನಿನ ಸಾರು ಮಾರುವವರು. ತಮ್ಮ ಗ್ಯಾಸ್‌ಲೈಟನ್ನು ನಿಮ್ಮ ಸತ್ತ ಕಂಬಕ್ಕೇ ತೂಗುಹಾಕಿ ವ್ಯಾಪಾರ ಮಾಡುತ್ತಿದ್ದರು. ಅಂದು ಲೈಟು ಹಿಡಿದು ಓಡಿಬಂದು, ಮೊಣಕಾಲುದ್ದ ಕೊಚ್ಚೆಗಿಳಿದು, “ಮೋಳೇ, ಪೇಡಿಕ್ಕಂಡಾ” ಎನ್ನುತ್ತ, ಹೆದರಬೇಡ ಮಗಳೇ ಎನ್ನುತ್ತ, ಅವಳನ್ನು ಮೇಲೆತ್ತಿದರು. ಗಿರಾಕಿಗಳಿಗೆಂದು ಇಟ್ಟಿದ್ದ ಕುಡಿಯುವ ನೀರಿನಲ್ಲಿ ಅವಳ ಕಾಲು ತೊಳೆದರು. ಪಾದದ ಎಲುಬು ಬಿರುಕು ಬಿಟ್ಟಿತ್ತು, ಆರು ವಾರ ಪ್ಲಾಸ್ಟರು. ಅವಳು ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ, ಮರಗೆಣಸು ಬೇಗ ಮುಗಿದ ದಿನವೂ, ಸೀಮೆಎಣ್ಣೆಗೆ ಇಷ್ಟು ತತ್ವಾರವಿರುವಾಗಲೂ, ಸುಮಿತ್ರ ಓಣಿ ದಾಟುವ ತನಕ ಚೇಡತ್ತಿ ಲೈಟು ಆರಿಸುತ್ತಿರಲಿಲ್ಲ. ಹಗಲಲ್ಲಿ ಆ ಲೈಟು ನಮ್ಮ ಜಗಲಿಯಲ್ಲೇ ಇರುತ್ತಿತ್ತು.

ಒಬ್ಬ ಮುದುಕಿ ಮಾಡುತ್ತಿರುವುದು ನಗರಾಡಳಿತದ ಕೆಲಸ ಅನ್ನಿಸಿ ನನಗೆ ನಾಚಿಕೆಯಾಯಿತು. ಅರ್ಜಿ ಬರೆದೆ. ನೂರು ವಾಟಿನ ಬಲ್ಬು ತೆಗೆದು ನಲವತ್ತು ವಾಟಿನ ಟ್ಯೂಬ್‌ಲೈಟು ಹಾಕಿ, ಅರ್ಧಕ್ಕಿಂತ ಕಡಿಮೆ ಕರೆಂಟಿಗೆ ಹೆಚ್ಚು ಬೆಳಕು ಸಿಗುತ್ತದೆ, ಸಂಜೆ ಹಚ್ಚಿ ಬೆಳಿಗ್ಗೆ ಆರಿಸಿದರೆ ಇನ್ನೂ ಉಳಿಯುತ್ತದೆ ಎಂದು ವಿವರಿಸಿದೆ. ಇಂಗ್ಲಿಷಿನಲ್ಲಿ ಎರಡು ಸಲ ಕೊಟ್ಟೆ, ಉತ್ತರವಿಲ್ಲ. ಈಗೆಲ್ಲ ಮಲಯಾಳದಲ್ಲಿ ಕೊಟ್ಟರೆ ಬೇಗ ಆಗುತ್ತದೆ ಎಂದು ನಿಮ್ಮ ಗುಮಾಸ್ತರೇ ಸಲಹೆ ಕೊಟ್ಟರು. ಅಯ್ಯಾ, ಎಂಥ ಒಳ್ಳೆಯ ಸಲಹೆ! ಎರಡನೇ ಕ್ಲಾಸಿನ ಮಗಳು ಪ್ರೇಮಳ ಪಾಠಪುಸ್ತಕ ಇಟ್ಟುಕೊಂಡು ಅಕ್ಷರ ಕಲಿತೆ. ಒಂದು ಭಾನುವಾರವಿಡೀ ಕೂತು ಬರೆದೆ. ಸಾಲದ್ದಕ್ಕೆ ಕಂಬ, ತೋಳು, ಟ್ಯೂಬು ಎಲ್ಲವನ್ನೂ ಅಳತೆಗೆ ಸರಿಯಾಗಿ ಚಿತ್ರಿಸಿ ಲಗತ್ತಿಸಿದೆ. ಯಾರಿಗೂ ತೋರಿಸಲಿಲ್ಲ. ನಾನೇ ಬರೆದೆ ಎಂಬ ಜಂಬ.

ಅರ್ಜಿ ಕೊಟ್ಟ ನಾಲ್ಕನೆಯ ದಿನ ಲಾರಿ ಬಂತು. ದೀಪದ ಲಾರಿಯಲ್ಲ. ಚೇಡತ್ತಿಯ ಬೆಂಚು, ಒಲೆ, ಮಡಕೆ ಎಲ್ಲವನ್ನೂ ಎತ್ತಿ ಹಾಕಿಕೊಂಡು, ಇಲ್ಲಿ ಕೂರುವುದು, ಮಾರುವುದು ನಿಷೇಧ ಎಂಬ ಹಲಗೆ ಜಡಿದು ಹೋಯಿತು. ಮರುದಿನ ನಿಮ್ಮ ಕಚೇರಿಗೆ ನುಗ್ಗಿ ಕೂಗಾಡಿದೆ. ಗುಮಾಸ್ತರು ಶಾಂತವಾಗಿ ಕಡತ ತೆಗೆದು ನನ್ನ ಅರ್ಜಿಯನ್ನೇ ನನ್ನ ಮುಂದಿಟ್ಟರು. ಮೇಲಿನ ‘ವಿಷಯ’ದ ಸಾಲಿಗೆ ಕೆಂಪು ಪೆನ್ಸಿಲಿನ ಗೆರೆ. “ಸಾರ್ ತನ್ನೆಯಲ್ಲೇ ಚೋದಿಚ್ಚದ್?” ಎಂದರು. ನೀವೇ ಕೇಳಿದ್ದಲ್ಲವೇ ಎಂದು!

ಮನೆಗೆ ಬಂದು ನಕಲನ್ನು ಪ್ರೇಮಳ ಕೈಗೆ ಕೊಟ್ಟೆ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರಿಸುವ ಹುಡುಗಿ ಅವಳು. ಮೊದಲ ಸಾಲು ಓದಿ ಕಿಸಕ್ಕನೆ ನಕ್ಕಳು. “ಅಪ್ಪಾ, ಇದ್ ವಿಳಕ್ಕಲ್ಲ, ವಿಲಕ್ಕಾ.”

ಮಲಯಾಳದಲ್ಲಿ ವಿಳಕ್ಕು ಎಂದರೆ ದೀಪ. ವಿಲಕ್ಕು ಎಂದರೆ ನಿಷೇಧ. ಅವರ ಲಿಪಿಯಲ್ಲಿ ಳಕಾರ ಬರೆಯಬೇಕಾದಲ್ಲೆಲ್ಲ ನಾನು ಲಕಾರ ಬರೆದಿದ್ದೆ. ಕನ್ನಡದವನಾಗಿ ಲ-ಳ ತಪ್ಪಿದೆನಲ್ಲ ಎಂದು ಹಣೆ ಚಚ್ಚಿಕೊಂಡೆ. ನಮ್ಮ ಬೀದಿಗೆ ಗಟ್ಟಿಯಾದ ನಿಷೇಧ ಬೇಕೆಂದು ನಾನು ನಿಮ್ಮನ್ನು ವಿನಂತಿಸಿಕೊಂಡಿದ್ದೆ. ಇಡೀ ಓಣಿಯಲ್ಲಿ ನಿಷೇಧಿಸಲು ನಿಮಗೆ ಸಿಕ್ಕಿದ್ದು ಚೇಡತ್ತಿಯ ವ್ಯಾಪಾರವೊಂದೇ.

ತಪ್ಪು ನನ್ನದು. ಒಪ್ಪಿದೆ, ಎಲ್ಲರೆದುರು ಒಪ್ಪಿದೆ. ಈಗ ನಿಮ್ಮ ಸರದಿ. ನಲವತ್ತು ವಾಟಿನ ನಿಷೇಧ ಎಂದರೇನು ಎಂದು ನಿಮ್ಮ ಇಡೀ ಕಚೇರಿಯಲ್ಲಿ ಒಬ್ಬನಾದರೂ ತಲೆ ಕೆರೆದುಕೊಳ್ಳಲಿಲ್ಲವೇ? ಸಂಜೆ ಹಚ್ಚಿ ಬೆಳಿಗ್ಗೆ ಆರಿಸುವ ನಿಷೇಧ ಯಾವ ಕಾನೂನಿನಲ್ಲಿದೆ? ಹೋಗಲಿ, ಚಿತ್ರ ಇತ್ತಲ್ಲ, ಚಿತ್ರಕ್ಕೂ ಲ-ಳ ಇದೆಯೇ? ವಿಷಯದ ಸಾಲು ಮಾತ್ರ ಓದಿ ಕಾಗದವನ್ನು ಈ ವಿಭಾಗಕ್ಕೋ ಆ ವಿಭಾಗಕ್ಕೋ ಎಸೆಯುವುದು ನಿಮ್ಮಲ್ಲಿ ಪದ್ಧತಿಯಂತೆ. ದೀಪ ಕೇಳಿದ ಎರಡು ಇಂಗ್ಲಿಷ್ ಅರ್ಜಿಗಳು ನಾಲ್ಕು ತಿಂಗಳು ಮಲಗಿದವು. ನಿಷೇಧ ಕೇಳಿದ್ದಕ್ಕೆ ನಾಲ್ಕೇ ದಿನದಲ್ಲಿ ಲಾರಿ, ಹಲಗೆ, ಆಳುಗಳು ಎಲ್ಲ ಸಿದ್ಧ. ಕೊಡುವುದಕ್ಕಿಲ್ಲದ ಚುರುಕು ಕಿತ್ತುಕೊಳ್ಳುವುದಕ್ಕೆ ಎಲ್ಲಿಂದ ಬರುತ್ತದೆ?

ಚೇಡತ್ತಿಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬೈಯಲಿ ಎಂದೇ ಹೋಗಿದ್ದೆ. ಅವರು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿಸಿಕೊಂಡರು. ಈಗ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಮನೆ ಮನೆ ತಿರುಗಿ ಮಾರಬೇಕು, ತಂದದ್ದರಲ್ಲಿ ಅರ್ಧ ಹಾಗೇ ಉಳಿಯುತ್ತದೆ. ಕಡೆಗೆ, “ಒರಕ್ಷರಮಲ್ಲೇ ಸಾರೇ, ಸಾರಮಿಲ್ಲ” ಎಂದರು. ಒಂದಕ್ಷರ ತಾನೇ, ಪರವಾಗಿಲ್ಲ ಎಂದು. ಲೈಟು ತೆಗೆದುಕೊಂಡು ಹೋಗಿ ಎಂದರೆ, ಇನ್ನು ನನಗೇಕೆ, ಸುಮಿತ್ರ ಬರುವ ದಾರಿಗೆ ಇರಲಿ ಎಂದರು. ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದುಬಂದೆ. ಪರವಾಗಿಲ್ಲ ಎಂದು ಅವರು ಹೇಳಬಹುದು. ನಾನು ಹೇಳಲಾರೆ. ನೀವಂತೂ ಹೇಳಕೂಡದು.

ನಿಷೇಧ ತೆಗೆಯಬೇಕಾದರೆ ಹೊಸ ಅರ್ಜಿ ಬೇಕಂತೆ. ನಾನೇ ಬರೆಯಲು ಹೆದರಿದೆ. ಈ ಸಲ ‘ವಿಳಕ್ಕು ತೆಗೆಯಿರಿ’ ಎಂದಾಗಿಬಿಟ್ಟರೆ ಆ ಹಗಲು ಪಾಳಿಯ ಬಲ್ಬನ್ನೂ ಒಯ್ದೀರಿ. ಆದ್ದರಿಂದ ಪ್ರೇಮಳೇ ದುಂಡಗೆ ಬರೆದಿದ್ದಾಳೆ. ಅದನ್ನು ನಿಮಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಚೇಡತ್ತಿಯ ಜಾಗ ಅವರಿಗೆ ವಾಪಸಾಗಬೇಕು, ಒಲೆ, ಮಡಕೆ, ಬೆಂಚಿನ ಸಮೇತ. ಆಮೇಲೆ ನಾಲ್ಕು ಕಂಬಕ್ಕೂ ಟ್ಯೂಬ್‌ಲೈಟು ಬರಬೇಕು. ಇದೇ ಕ್ರಮದಲ್ಲಿ. ಮೊದಲು ಅವರು, ಆಮೇಲೆ ದೀಪ.

ಅಲ್ಲಿಯವರೆಗೆ ದಿನಾ ಸಂಜೆ ಆರೂವರೆಗೆ, ನಿಮ್ಮ ಬಲ್ಬು ಆರುವ ಹೊತ್ತಿಗೆ, ಆ ಗ್ಯಾಸ್‌ಲೈಟು ಹಚ್ಚಿ ತಿರುವಿನ ಅದೇ ಸತ್ತ ಕಂಬಕ್ಕೆ ತೂಗುಹಾಕಿ ಅದರ ಕೆಳಗೆ ಕೂರುವವನು ನಾನು. ನಿಷೇಧ ನಾನು ಕೇಳಿದ್ದು, ಮುರಿಯುತ್ತಿರುವವನೂ ನಾನೇ. ಲಾರಿ ಕಳುಹಿಸಿ. ಸುಮಿತ್ರ ಓಣಿ ದಾಟುವ ತನಕ ಮಾತ್ರ ತಡೆಯಿರಿ, ಆಮೇಲೆ ಎದ್ದು ಬರುತ್ತೇನೆ.

ಇಂತಿ,
ಹೆಸರಿಗೆ ಕಮಲಾಕ್ಷ,
ಒಂದಕ್ಷರ ಕಾಣದೆ ಹೋದವನು